ಹಾಲುಬಣ್ಣದ ನೀರು

ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಶಾಹೀಸ್ತಾಳದೊಂದು ಬಳೆ ಅಂಗಡಿ. ಬಳೆ ಅಂತ ಹೆಸರೇ ಹೊರತು ಈಗ ಅಲ್ಲಿ ಹೋಗುವುದೆಲ್ಲ ಕ್ರೀಮು, ಪೌಡರು, ಫೇಸ್‌ವಾಶು. ಬಂದ ಹೆಂಗಸರೆಲ್ಲ ಕೇಳುವುದು ಒಂದೇ ಮಾತು, ಯಾವುದು ಹಚ್ಚಿದರೆ ಬೆಳ್ಳಗಾಗುತ್ತೇವೆ ಅಂತ. ಮೊದಮೊದಲು ಆಕೆ ನಕ್ಕು ನಾಲ್ಕು ಮಾತಾಡುತ್ತಿದ್ದಳು. ಈಗೀಗ ಕೈ ತಾನೇ ಡಬ್ಬಿ ತೆಗೆಯುತ್ತದೆ, ತಾನೇ ಚೀಲಕ್ಕೆ ಹಾಕುತ್ತದೆ, ಬಾಯಿಗೆ ಕೆಲಸವೇ ಇಲ್ಲ. ಡಬ್ಬಿಯ ಮುಂದೆ ಗುಲಾಬಿ, ಕೇಸರಿ, ಬಾದಾಮಿಯ ಚಿತ್ರ. ಹಿಂದೆ ಇರುವೆ ಸಾಲು ಹೊರಟಂಥ ಸಣ್ಣ ಅಕ್ಷರ. ಅದನ್ನು ತಿರುಗಿಸಿ ಓದಿದ ಗಿರಾಕಿ ಇವತ್ತಿನವರೆಗೆ ಸಿಕ್ಕಿಲ್ಲ. ಮಾರುವವಳೂ ಓದಿರಲಿಲ್ಲ, ಸುಳ್ಳೇಕೆ ಹೇಳಬೇಕು?

ಅಂಗಡಿಯ ಬಾಗಿಲು ಎಳೆದು ಮನೆಗೆ ಬಂದರೆ ಅಲ್ಲೂ ಮುಲಾಮೇ. ಅತ್ತೆ ದಾವಲ್‌ಬೀಯ ಎರಡೂ ಕೈ ಒಡೆದು ವರ್ಷವಾಗುತ್ತ ಬಂದಿತ್ತು. ಬೇಸಿಗೆಯಲ್ಲಿ ಕೆರೆಯಂಗಳ ಬಿರಿಯುತ್ತದಲ್ಲ, ಹಾಗೆ ಅಂಗೈ ಬಿರಿದು, ಬೆರಳ ಸಂದಿಯಲ್ಲಿ ನೀರು ಗುಳ್ಳೆ ಎದ್ದು, ಒಮ್ಮೊಮ್ಮೆ ರಕ್ತವೂ ಒಸರುತ್ತಿತ್ತು. ರೊಟ್ಟಿ ಬಡಿಯುವುದು ಬಿಟ್ಟು ಎಷ್ಟೋ ತಿಂಗಳಾಗಿತ್ತು. ಊರಿನ ಡಾಕ್ಟರು ಬರೆದುಕೊಟ್ಟ ಮುಲಾಮನ್ನು ಶಾಹೀಸ್ತಾ ದಿನಾ ಮಧ್ಯಾಹ್ನ, ಸಂಜೆ ಮುಂದೆ ಕೂತು ಹಚ್ಚುವಳು. ಗುಣ ಮಾತ್ರ ಇಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗಿತ್ತು ಆಕೆಯ ಸೇವೆ.

ಈ ಕೈ ಸಾಮಾನ್ಯದ ಕೈಯಾಗಿದ್ದರೆ ಇಷ್ಟು ಮಾತು ಬೇಕಿರಲಿಲ್ಲ. ಓಣಿಯಲ್ಲಿ ಮುಸಲ್ಮಾನರ ಮನೆಯ ಹೆಂಗಸು ಯಾರು ತೀರಿಕೊಂಡರೂ ಮಯ್ಯತ್‌ಗೆ ಕಡೆಯ ಸ್ನಾನ ಮಾಡಿಸುವುದು ದಾವಲ್‌ಬೀಯೇ. ಹಲಗೆಯ ಸುತ್ತ ಸೀರೆಯ ಮರೆ ಕಟ್ಟಿ, ಬೋರೆ ಎಲೆ ಕುದಿಸಿದ ನೀರಿನಿಂದ ತೊಳೆದು, ಕೊನೆಯ ತಂಬಿಗೆಗೆ ಕರ್ಪೂರ ಬೆರೆಸಿ ಹಾಕಿ, ತಲೆ ಬಾಚಿ, ಕಫನ್ ಬಟ್ಟೆ ಹೊದಿಸುವವರೆಗೆ ಆಕೆಯದೇ ಕೆಲಸ. ಇದಕ್ಕೆ ಯಾರಿಂದಲೂ ಏನೂ ತೆಗೆದುಕೊಂಡವಳಲ್ಲ. ಕೊರೊನಾ ಬಂದಾಗ ಸ್ವಂತ ಮಕ್ಕಳೇ ದೂರ ನಿಂತಿದ್ದರು, ಆಗ ಒಳಗೆ ಹೋದದ್ದು ಈ ಕೈಗಳೇ. ನೀರಿಗೆ ಔಷಧ ಸುರಿಯುವ ರೂಢಿ ಶುರುವಾದದ್ದೂ ಆವಾಗಲೇ. ಬಾಟಲಿಯಿಂದ ಬಕೆಟ್ಟಿಗೆ ಸುರಿದರೆ ನೀರು ಹಾಲಿನಂತೆ ಬೆಳ್ಳಗಾಗುತ್ತದಲ್ಲ, ಆಸ್ಪತ್ರೆಯ ವಾಸನೆಯದು, ಅದೇ. ರೋಗ ಹೋಯಿತು, ರೂಢಿ ಉಳಿಯಿತು. ಅವತ್ತು ಆ ಕೈಗೆ ಮುತ್ತು ಕೊಟ್ಟವರೇ ಇವತ್ತು ಅದನ್ನು ನೋಡಿ ಸೆರಗು ಎಳೆದುಕೊಳ್ಳುತ್ತಿದ್ದರು. ಅಂಟುರೋಗವಂತೆ, ಮಯ್ಯತ್ ಮುಟ್ಟೀ ಮುಟ್ಟೀ ಹತ್ತಿದ್ದಂತೆ. ಆಡುವವರ ಬಾಯಿಗೆ ಬೀಗ ಹಾಕುವವರು ಯಾರು? ಕರೆಯುವುದು ಕಡಿಮೆಯಾಯಿತು.

ದಾವಲ್‌ಬೀ ಅದನ್ನೂ ನುಂಗಿಕೊಂಡಳು. ಆಕೆಗೆ ನುಂಗಲಾರದ ಚಿಂತೆ ಒಂದೇ ಇತ್ತು, ಬಳಗಾನೂರಿನ ಅರ್ಜುಮಂದ್.

ಅರ್ಜುಮಂದ್ ಮತ್ತು ದಾವಲ್‌ಬೀ ಒಂದೇ ಓಣಿಯಲ್ಲಿ ಹುಟ್ಟಿ, ಒಂದೇ ಗದ್ದೆಯಲ್ಲಿ ನೆಲ್ಲಿನ ಸಸಿ ಹಚ್ಚಿ, ಒಂದೇ ವರ್ಷ ಮದುವೆಯಾಗಿ ಹೋದವರು. ಅರ್ಜುಮಂದ್ ಈಗ ಹಾಸಿಗೆ ಹಿಡಿದು, ದಿನ ಎಣಿಸುತ್ತಿದ್ದಳು. ಹೋದ ಸಲ ನೋಡಲು ಹೋದಾಗ ಗೆಳತಿಯ ಒಡೆದ ಕೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡು ಆಕೆ ಹೇಳಿದ್ದಳು.

"ದಾವಲಾ, ನನ್ನ ನೀನ ತೊಳೀಬೇಕು ನೋಡು. ಬ್ಯಾರೆ ಯಾರ ಕೈನೂ ನನಗ ಬ್ಯಾಡ. ನಾಚಿಕಿ ಆಕೈತಿ ಬೇ."

"ಸುಮ್ಮನಿರು. ನಿನಗಿಂತ ಮೊದಲ ನಾ ಹೋದ್ರ?"

"ಹೋಗಬ್ಯಾಡ. ಮಾತು ಕೊಡು."

ದಾವಲ್‌ಬೀ ಮಾತು ಕೊಟ್ಟಳು. ಆದರೆ ಹೊರಡುವಾಗ ಅರ್ಜುಮಂದಳ ಮಗ ಹಫೀಜ್, ಊರಲ್ಲಿ ಗೊಬ್ಬರ, ಬೆಳೆಗೆ ಹೊಡೆಯುವ ಔಷಧದ ಅಂಗಡಿ ಇಟ್ಟವನು, ಶಾಹೀಸ್ತಾಳನ್ನು ಬಾಗಿಲ ಬದಿಗೆ ಕರೆದು ತಲೆ ತಗ್ಗಿಸಿ ನಿಂತ. "ಭಾಬಿ, ತಪ್ಪು ತಿಳಕೋಬ್ಯಾಡ್ರಿ. ಖಾಲಾನ ಕೈ ನೋಡಿ ಮನ್ಯಾಗ ಹೆಣ್ಣುಮಕ್ಕಳು ಅಂಜಾಕತ್ಯಾರ. ಹಂಗೇನರ ಆದ್ರ ಮಸ್ಕಿಯಿಂದ ಒಬ್ಬಾಕಿ ತೊಳಿಯಾಕ ಬರ್ತೀನಿ ಅಂದಾಳ. ಕೈ ಗುಣ ಆದ್ರ ಮಾತ್ ಬ್ಯಾರೆ."

ಶಾಹೀಸ್ತಾ ಇದನ್ನು ಅತ್ತೆಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಮುದುಕಿಯ ಕಿವಿ ಚೆನ್ನಾಗಿತ್ತು. ಬಸ್ಸಿನಲ್ಲಿ ಆಕೆ ಬುರ್ಖಾದ ತೋಳೊಳಗೆ ಕೈ ಅಡಗಿಸಿಕೊಂಡು ಕೂತಿದ್ದಳು.

ಮರುದಿನವೇ ಇನ್ನೊಂದು ಸಂಗತಿ ಗೊತ್ತಾಯಿತು. ಮಧ್ಯಾಹ್ನ ಊಟಕ್ಕೆ ಬಂದ ಶಾಹೀಸ್ತಾ ಅತ್ತೆಯ ಕೈಗೆ ಮುಲಾಮು ಹಚ್ಚಿ ಒಂದು ಗಳಿಗೆ ಅಡ್ಡಾಗಿದ್ದಳು. ಎದ್ದು ನೋಡಿದರೆ ಅತ್ತೆ ನಳದ ಕೆಳಗೆ ಕೂತು, ಹಲ್ಲು ಕಚ್ಚಿಕೊಂಡು, ಸಾಬೂನು ಹಾಕಿ ಕೈ ತಿಕ್ಕುತ್ತಿದ್ದಾಳೆ. ಕಣ್ಣಲ್ಲಿ ನೀರು.

"ಅಮ್ಮಾ! ಹಚ್ಚಿ ಇನ್ನಾ ತಾಸು ಆಗಿಲ್ಲ. ಏನ್ ಮಾಡಾಕತ್ತೀರಿ?"

"ಅಸರ್ ನಮಾಜಿನ ಹೊತ್ತಾತು ಬೇಟಿ. ಕೈಕಾಲು ತೊಳದು ವಜೂ ಮಾಡಬೇಕಲ್ಲ."

"ಅದಕ್ಕ ಇಷ್ಟು ತಿಕ್ಕಬೇಕೇನು?"

"ನಿನ್ನ ಮುಲಾಮು ಮೇಣದಂಗ ಕುಂದ್ರತೈತಿ. ನೀರು ಹಾಕಿದ್ರ ತಾವರಿ ಎಲಿ ಮ್ಯಾಲಿನ ಹನಿ ಉಳ್ಳಿದಂಗ ಉಳ್ಳಿ ಹೋಕೈತಿ. ನೀರು ಮೈಗೆ ಮುಟ್ಟದಿದ್ರ ಅದೆಂಥಾ ವಜೂ? ವಜೂ ಇಲ್ಲಾಂದ್ರ ಎಂಥಾ ನಮಾಜು?"

ಐದು ಹೊತ್ತಿನ ನಮಾಜು. ಐದು ಸಲ ಕೈಯನ್ನು ಹೀಗೆ ತಿಕ್ಕಿ ಮುಲಾಮು ಕಿತ್ತೊಗೆಯುವುದು, ಅದೂ ಒಂದು ವರ್ಷದಿಂದ! ಶಾಹೀಸ್ತಾಳಿಗೆ ಸಿಟ್ಟು ಬಂತು, ನಗುವೂ ಬಂತು, ಕೊನೆಗೆ ಎರಡಕ್ಕೂ ಶಕ್ತಿ ಸಾಲದೆ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ಸಂಜೆ ಗೂಡ್ಸ್ ಆಟೋ ನಿಲ್ಲಿಸಿ ಒಳಗೆ ಬಂದ ಗಂಡ ವಾಸಿಂನಿಗೆ ಹೇಳಿದರೆ ಅವನು, "ಅಮ್ಮಾಂದು ನಿನಗ ಗೊತ್ತಿಲ್ಲೇನು?" ಅಂದು ಟವೆಲ್ ಹುಡುಕತೊಡಗಿದ. ಗಂಡಸರಿಗೆ ಮನೆಯ ಸಂಗತಿಯೆಲ್ಲ ಮೊದಲೇ ಗೊತ್ತಿರುತ್ತದೆ, ಮಾಡುವುದೊಂದು ಮಾತ್ರ ಗೊತ್ತಿರುವುದಿಲ್ಲ.

ಲಿಂಗಸುಗೂರಿನಲ್ಲಿ ಶೈಲಜಾ ಅಂತ ಚರ್ಮದ ಡಾಕ್ಟರು ಇದ್ದಾರೆ ಎಂದು ಯಾರೋ ಹೇಳಿದರು. ಫೋನು ಮಾಡಿದರೆ ಅಲ್ಲಿಂದ ಒಂದೇ ಮಾತು: "ಅವರ ಕೈಗೆ ಏನೇನು ತಾಗತೈತೋ ಎಲ್ಲಾ ತರ್ರಿ. ಸಾಬೂನು, ಎಣ್ಣಿ, ಪುಡಿ, ಏನೂ ಬಿಡಬ್ಯಾಡ್ರಿ." ಅತ್ತೆ ಸೊಸೆ ಮಸ್ಕಿಯ ಮೇಲೆ ಹೋಗುವ ಬಸ್ಸು ಹತ್ತಿದರು. ತೊಡೆಯ ಮೇಲೆ ಚೀಲ, ಚೀಲದೊಳಗೆ ಮನೆಯ ಬಚ್ಚಲೇ ಎದ್ದು ಬಂದಿತ್ತು. ಬಿಸಿಲಿಗೆ ಎಲ್ಲ ವಾಸನೆಯೂ ಸೇರಿ ಮೂಗು ಸುಡುತ್ತಿತ್ತು. ಅಂಗಡಿ ಮುಚ್ಚಿದ ದಿನ, ಉಳಿದ ಕೆಲಸ, ನಾಳೆಯ ಕೆಲಸ, ಎಲ್ಲ ನೆನೆಯುತ್ತ ಶಾಹೀಸ್ತಾ ಕಿಟಕಿಗೆ ತಲೆ ಆನಿಸಿದಳು. ಅತ್ತೆ ಅಷ್ಟೊತ್ತಿಗೇ ಆಕೆಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

ಡಾಕ್ಟರು ಚೀಲದ ಸಾಮಾನನ್ನೆಲ್ಲ ಮೇಜಿನ ಮೇಲೆ ಬೋರಲು ಹಾಕಿದರು, ಹಿಂಭಾಗ ಮೇಲೆ ಬರುವ ಹಾಗೆ.

"ಅಂಗಡಿ ನಿಮ್ದ ಅಂತೀರಿ. ಇದನ್ನ ಓದೀರೇನು?"

"ಇಲ್ರಿ ಮೇಡಂ. ಯಾರು ಓದ್ತಾರ್ರಿ?"

"ಮುಂದ ಬರದದ್ದು ಮಾರಾಕ. ಹಿಂದ ಬರದದ್ದು ಕಾಯ್ದೆಕ್ಕ ಅಂಜಿ. ಮೊದಲಿಗೆ ಬರದದ್ದು ಹೆಚ್ಚು ಇರತೈತಿ, ಕಡೀಗೆ ಬರದದ್ದು ಕಡಿಮಿ. ಈ ಬಾದಾಮಿ ಕ್ರೀಮ್ ನೋಡ್ರಿ, ಮೊದಲು ನೀರು, ಆಮ್ಯಾಲೆ ಮೇಣ. ಬಾದಾಮಿ ಎಲ್ಲಿ ಐತಿ ಹುಡುಕ್ರಿ."

ಶಾಹೀಸ್ತಾ ಬೆರಳಿಟ್ಟು ಹುಡುಕಿದಳು. ಬಾದಾಮಿ ಎಲ್ಲರಿಗಿಂತ ಹಿಂದೆ, ಮದುವೆ ಊಟಕ್ಕೆ ತಡವಾಗಿ ಬಂದವರ ಹಾಗೆ ಕೂತಿತ್ತು. ಎಷ್ಟು ಡಬ್ಬಿ ಮಾರಿದ್ದೆ ಈ ಬಾದಾಮಿಯ ಹೆಸರಿನಲ್ಲಿ ಅನ್ನಿಸಿತು.

ಆಮೇಲೆ ಡಾಕ್ಟರು ಕೆಂಪು ಪೆನ್ನು ತೆಗೆದು ಮೂರು ಕಡೆ ಗೆರೆ ಎಳೆದರು. ದಾವಲ್‌ಬೀ ಕೈ ತಿಕ್ಕುವ ಸಾಬೂನಿನ ಮೇಲೆ ಒಂದು. ಬಿರುಕಿಗೆ ಹಚ್ಚುವ ಗಾಯದ ಕ್ರೀಮಿನ ಮೇಲೆ ಒಂದು. ಮಯ್ಯತ್ ನೀರಿಗೆ ಹಾಕುವ ಬಾಟಲಿಯ ಮೇಲೆ ಒಂದು. ಮೂರರಲ್ಲೂ ಒಂದೇ ಹೆಸರು, ಕ್ಲೋರೋಕ್ಸಿಲೆನಾಲ್.

"ಇದು ಕ್ರಿಮಿ ಕೊಲ್ಲೋದು. ಎಷ್ಟೋ ಮಂದಿಗೆ ಏನೂ ಆಗಂಗಿಲ್ಲ. ಇವರ ಮೈಗೆ ಇದು ವೈರಿ ಇದ್ದಂಗ ಕಾಣತೈತಿ. ಅಂಟುರೋಗ ಅಲ್ಲವ್ವಾ, ಯಾರಿಗೂ ಹತ್ತಂಗಿಲ್ಲ."

"ಹಚ್ಚಿದ ದಿನ ಏನೂ ಆಗ್ತಿದ್ದಿಲ್ಲಲ್ರಿ?"

"ಅದ ಇದರ ಆಟ. ಮುಟ್ಟಿದ ಕೂಡ್ಲೆ ಏನೂ ಆಗಂಗಿಲ್ಲ. ಒಂದೆರಡು ದಿನ ಬಿಟ್ಟು ಏಳತೈತಿ. ಶುಕ್ರವಾರ ಮುಟ್ಟಿದ್ದಕ್ಕ ಐತವಾರ ಗುಳ್ಳಿ ಬಂದ್ರ ಶುಕ್ರವಾರದ ನೆನಪು ಯಾರಿಗಿರತೈತಿ?"

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಈ ಅಂಗೈ ಹುಣ್ಣಿಗೆ ಲಿಂಗಸುಗೂರಿನವರೆಗೆ ಬಸ್ಸೇ ಬೇಕಾಯಿತು.

ಶಾಹೀಸ್ತಾಳಿಗೆ ಮಾತ್ರ ಸಮಾಧಾನವಾಗಲಿಲ್ಲ. ಆ ಸಾಬೂನು ತಂದವಳು ಆಕೆ. ಕೈ ಒಡೆದಿದೆ, ಕ್ರಿಮಿ ಹೊಕ್ಕೀತು ಅಂತ ಅಂಗಡಿಯಲ್ಲಿದ್ದ ಒಳ್ಳೆಯ ಕ್ರೀಮನ್ನೇ ಆರಿಸಿ ತಂದವಳೂ ಆಕೆಯೇ. ಹೆಚ್ಚು ಒಡೆದಷ್ಟೂ ಹೆಚ್ಚು ಹಚ್ಚಿದ್ದಳು. ಪ್ರೀತಿಯಿಂದಲೇ ಹಚ್ಚಿದ್ದಳು, ಅದೇ ದೊಡ್ಡ ನೋವು. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆಗೆ ಅದನ್ನು ಹೇಳಿದಳು. ದಾವಲ್‌ಬೀ ಕಿಟಕಿಯಾಚೆಯ ಹೊಲ ನೋಡುತ್ತ, "ನೀ ಏನು ಬೇಕಂತ ಮಾಡೀಯೇನು? ಬಿಡು. ಶೇಂಗಾ ಐತೇನು ಚೀಲದಾಗ?" ಅಂದಳು.

ಡಾಕ್ಟರು ಹೇಳಿದ ವ್ಯವಸ್ಥೆ ಸರಳವಾಗಿತ್ತು. ಕೆಂಪು ಗೆರೆಯ ಮೂರನ್ನೂ ಮುಟ್ಟುವಂತಿಲ್ಲ. ಕೈ ತೊಳೆಯಲು ಕಡಲೆಹಿಟ್ಟು. ಹಗಲಿಗೆ ಚರ್ಮದೊಳಗೆ ಇಳಿಯುವಂಥ ತೆಳು ಕ್ರೀಮು. ಮೇಣದಂಥ ಮುಲಾಮು ರಾತ್ರಿಯ ಇಷಾ ನಮಾಜಾದ ಮೇಲೆ ಹಚ್ಚಿದರೆ ಬೆಳಗಿನ ಬಾಂಗಿನವರೆಗೆ ಯಾರೂ ತೊಳೆಯುವ ಹಾಗಿಲ್ಲ. ಆದರೆ ಹಗಲಿನ ಕ್ರೀಮನ್ನು ದಾವಲ್‌ಬೀ ಡಾಕ್ಟರ ಮಾತಿನ ಮೇಲೆ ಒಪ್ಪಲಿಲ್ಲ, ತಾನೇ ಪರೀಕ್ಷೆ ಮಾಡಿದಳು. ಶಾಹೀಸ್ತಾ ಅಂಗಡಿಯಿಂದ ತಂದ ಒಂದೊಂದನ್ನೇ ಮುಂಗೈಗೆ ಸವರಿಕೊಂಡು, ಸ್ವಲ್ಪ ಹೊತ್ತು ಕಾದು, ಮೇಲೊಂದು ಹನಿ ನೀರು ಬಿಟ್ಟು, ಕಣ್ಣಿಗೆ ಕನ್ನಡಕ ಏರಿಸಿ ನೋಡುವಳು. ಹನಿ ಗುಂಡಗೆ ನಿಂತರೆ "ನಾಪಾಸು". ಒಂದರ ಮೇಲೆ ಹನಿ ಹರಡಿ ಚರ್ಮಕ್ಕೆ ಅಂಟಿಕೊಂಡಿತು. ಅದರ ಹಿಂದೆ ಶಾಹೀಸ್ತಾ ಓದಿ ಹೇಳಿದಳು: ನೀರು, ಆಮೇಲೆ ಗ್ಲಿಸರಿನ್. ಕೆಂಪು ಗೆರೆಯ ಹೆಸರು ಎಲ್ಲೂ ಇಲ್ಲ.

"ಇದು ನಮಾಜಿ ಕ್ರೀಮು ಬೇ," ಅಂದಳು ಅತ್ತೆ. ಆ ವರ್ಷ ಆ ಮನೆಯಲ್ಲಿ ಇಬ್ಬರೂ ಸೇರಿ ನಕ್ಕದ್ದು ಅವತ್ತೇ.

ಗುಣವಾಗುವುದೆಂದರೆ ಸಿನಿಮಾದಲ್ಲಿ ಆದ ಹಾಗಲ್ಲ. ವಾರಗಟ್ಟಲೆ ಏನೂ ಕಾಣಲಿಲ್ಲ. ದಿನವಿಡೀ ಅಂಗಡಿಯಲ್ಲಿ ನಿಂತು ಕಾಲು ಬಾತುಕೊಂಡ ಶಾಹೀಸ್ತಾ ಇಷಾ ಆದ ಮೇಲೆ ಅತ್ತೆಯ ಮುಂದೆ ಕೂತು, ಒಂದೊಂದು ಬೆರಳಿಗೂ ಮುಲಾಮು ಸವರಿ, ಹಳೆಯ ಹತ್ತಿ ಬಟ್ಟೆ ಸುತ್ತುವಳು. ಕೆಲವು ದಿನ ಸವರುತ್ತ ಸವರುತ್ತಲೇ ತೂಕಡಿಕೆ. ಮಧ್ಯೆ ಬಳಗಾನೂರಿನಿಂದ ಸುದ್ದಿ ಬರುತ್ತಿತ್ತು: ಅರ್ಜುಮಂದ್ ಗಂಜಿ ಕುಡಿಯುವುದನ್ನೂ ಬಿಟ್ಟಳು, ಅರ್ಜುಮಂದ್ ಕಣ್ಣು ತೆರೆದು ದಾವಲಾ ಎಲ್ಲಿ ಅಂದಳು. ಒಂದು ಕಡೆ ಕೈ, ಒಂದು ಕಡೆ ಉಸಿರು, ಎರಡೂ ಪಂದ್ಯ ಕಟ್ಟಿದ ಹಾಗೆ ಓಡುತ್ತಿದ್ದವು. ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಪಟಪಟ ಸದ್ದು ಕೇಳಿ ಶಾಹೀಸ್ತಾ ಎದ್ದು ಹೋದಳು. ದಾವಲ್‌ಬೀ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕೈ ಎತ್ತಿ ತೋರಿಸಿದಳು. ಚರ್ಮ ತೆಳ್ಳಗೆ, ಎಳೆಗೂಸಿನದರಂತೆ ಕೆಂಪಾಗಿ, ಆದರೆ ಪೂರ್ತಿಯಾಗಿ ಕೂಡಿತ್ತು. ಶಾಹೀಸ್ತಾ ಆ ರೊಟ್ಟಿಯನ್ನು ಬಿಸಿಬಿಸಿ ಇರುವಾಗಲೇ ತಿಂದಳು, ಪಲ್ಯವಿಲ್ಲದೆ.

ಮರುವಾರವೇ ಫೋನು ಬಂತು. ಅರ್ಜುಮಂದ್ ಬೆಳಿಗ್ಗೆ ತೀರಿಕೊಂಡಳು, ಜನಾಜಾ ಹೊರಡುವುದು ಮಧ್ಯಾಹ್ನದ ಜೋಹರ್ ನಮಾಜಿನ ನಂತರ.

ವಾಸಿಂ ಗೂಡ್ಸ್ ಆಟೋದ ಹಿಂದೆ ಚಾಪೆ ಹಾಸಿದ. ದಾರಿಯುದ್ದಕ್ಕೂ ದಾವಲ್‌ಬೀ ಅಳಲಿಲ್ಲ. ಬರೀ ಕೈ ನೋಡಿಕೊಳ್ಳುವಳು, ತಿರುಗಿಸುವಳು, ಮತ್ತೆ ನೋಡಿಕೊಳ್ಳುವಳು.

ಬಳಗಾನೂರಿನ ಮನೆಯ ಅಂಗಳದಲ್ಲಿ ಹಲಗೆಗೆ ಮರೆ ಕಟ್ಟಿ ಆಗಿತ್ತು. ಮಸ್ಕಿಯ ಹೆಂಗಸು ತೋಳು ಮೇಲೇರಿಸಿ ಒಂದು ಬದಿ ಕೂತಿದ್ದಳು. ಮರೆಯ ಬಾಯಲ್ಲಿ ಒಂದು ಬಕೆಟ್ಟು, ಒಳಗೆ ಹಾಲುಬಣ್ಣದ ನೀರು. ಆ ವಾಸನೆ ಶಾಹೀಸ್ತಾಳ ಮೂಗಿಗೆ ಬಾಗಿಲಲ್ಲೇ ಹೊಡೆಯಿತು.

ಹಫೀಜ್ ಎದ್ದು ಬಂದ. ನಿದ್ದೆಗೆಟ್ಟ ರಾತ್ರಿಗಳೆಲ್ಲ ಅವನ ಮುಖದ ಮೇಲಿದ್ದವು. ದಾವಲ್‌ಬೀ ಎರಡೂ ಕೈ ಅವನ ಮುಂದೆ ಚಾಚಿದಳು. ಅವನು ನೋಡಿದ, ಕಣ್ಣು ಒರೆಸಿಕೊಂಡ.

"ಗುಣ ಆಗ್ಯಾವ ಖಾಲಾ. ನನಗೇನೂ ಅಡ್ಡಿ ಇಲ್ಲ. ಒಳಗ ಹೆಂಗಸರು ಒಪ್ಪವಲ್ರು. ಹೊರಗ ಗುಣ ಆದ್ರ ಒಳಗಿಂದು ಯಾರಿಗೆ ಗೊತ್ತು ಅಂತಾರ. ಇದರಾಗ ಕೈ ಅದ್ದಿ, ಇದ ನೀರಿಲೆ ತೊಳದ್ರ ಒಪ್ತೀವಿ ಅಂದಾರ. ಇಲ್ಲಾಂದ್ರ ಮಸ್ಕಿಯವರು ತೊಳೀತಾರ."

"ಇದ ಔಷಧದಿಂದನ ಇವರ ಕೈ ಕೆಟ್ಟಿದ್ದು!" ಶಾಹೀಸ್ತಾಳ ದನಿ ಅಂಗಳಕ್ಕೆಲ್ಲ ಕೇಳಿತು. "ಡಾಕ್ಟರು ಹೇಳ್ಯಾರ. ಇದು ಅಂಟುರೋಗ ಅಲ್ಲ ಅಂತಾನೂ ಹೇಳ್ಯಾರ."

"ನನಗ ತಿಳೀತು ಭಾಬಿ. ಇಷ್ಟು ಮಂದೀಗೆ ಈಗ ಎಲ್ಲಿ ಕುಂದ್ರಿಸಿ ತಿಳಿಸ್ಲಿ? ಜೋಹರ್ ಆಗಾಕತ್ತೈತಿ. ಗ್ಲೌಸ್ ಬೇಕಂದ್ರ ಅಂಗಡ್ಯಾಗ ಅದಾವ, ತರಿಸ್ತೀನಿ."

"ಎಣ್ಣಿ ಹೊಡಿಯೋ ಗ್ಲೌಸಾ?" ದಾವಲ್‌ಬೀ ಮೊದಲ ಸಲ ಬಾಯಿ ತೆರೆದಳು. "ಹತ್ತಿ ಹೊಲಕ್ಕ ಹುಳದ ಎಣ್ಣಿ ಹೊಡಿಯೋ ಗ್ಲೌಸ್ ಹಾಕ್ಕೊಂಡು ನಾ ಅರ್ಜುಮಂದಳ ಮುಖ ತೊಳೀಲೇನು ಬೇಟಾ?"

ಹಫೀಜನ ಮೇಲೆ ಸಿಟ್ಟು ಮಾಡಲಿಕ್ಕೂ ಆಗುವಂತಿರಲಿಲ್ಲ. ತಾಯಿಯ ಸೇವೆ ಮಾಡಿ ಮಾಡಿ ಅವನೂ ಸೋತಿದ್ದ, ಊರ ಹೆಂಗಸರ ಜೊತೆ ವಾದ ಮಾಡುವಷ್ಟು ಜೀವ ಅವನಲ್ಲೂ ಉಳಿದಿರಲಿಲ್ಲ.

"ಅಮ್ಮಾ, ಅವರ ತೊಳೀಲಿ," ಅಂದಳು ಶಾಹೀಸ್ತಾ, ಅತ್ತೆಯ ಮೊಣಕೈ ಹಿಡಿದು, ಮೆಲ್ಲಗೆ. "ನೀವು ಬಾಜೂಕ ನಿಂತು ದುವಾ ಮಾಡ್ರಿ. ಎಷ್ಟು ಕಷ್ಟಪಟ್ಟು ಗುಣ ಮಾಡೀವಿ. ಮತ್ತ ಮೊದಲಿಂದ ಆಗೂದು ನನ್ ಕೈಲೆ ಆಗಂಗಿಲ್ಲ. ನಾ ದಣದೀನಿ."

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಆಡಿದ ಮಾತು ಸುಳ್ಳಾಗಿರಲಿಲ್ಲ.

ದಾವಲ್‌ಬೀ ಸೊಸೆಯ ಮುಖ ನೋಡಿದಳು. ಆಮೇಲೆ, ಅಂಗಡಿಯಲ್ಲಿ ಗಿರಾಕಿ ಸಾಮಾನಿನ ಗುಣ ಕೇಳುವಂಥದೇ ದನಿಯಲ್ಲಿ ಕೇಳಿದಳು.

"ಇದು ಮುಟ್ಟಿದ್ರ ಗುಳ್ಳಿ ಏಳಾಕ ಎಷ್ಟು ದಿನ ಬೇಕಂದಾರ ಡಾಕ್ಟ್ರಮ್ಮ?"

"ಒಂದೆರಡು ದಿನ."

"ಇವತ್ತ ಏಳಂಗಿಲ್ಲಲ್ಲ?"

ಶಾಹೀಸ್ತಾಳಿಗೆ ಅತ್ತೆ ಎಲ್ಲಿಗೆ ಹೊರಟಿದ್ದಾಳೆಂದು ಆಗ ಹೊಳೆಯಿತು. ಸುಳ್ಳು ಹೇಳಬಹುದಿತ್ತು. ಈಗಲೇ ಏಳುತ್ತದೆ, ಈಗಲೇ ರಕ್ತ ಬರುತ್ತದೆ ಅನ್ನಬಹುದಿತ್ತು. ಬಾಯಿ ಬರಲಿಲ್ಲ.

"ಇಲ್ಲಮ್ಮಾ. ಇವತ್ತ ಏನೂ ಆಗಂಗಿಲ್ಲ."

"ಹಂಗಾರ ಸಾಕು."

ಬುರ್ಖಾದ ತೋಳು ಮೇಲೆ ಮಡಚಿ, ಬಿಸ್ಮಿಲ್ಲಾ ಅಂದು, ದಾವಲ್‌ಬೀ ಎರಡೂ ಕೈಯನ್ನು ಆ ಬಿಳಿ ನೀರೊಳಗೆ ಮೊಣಕೈವರೆಗೆ ಇಳಿಸಿದಳು. ಅಲ್ಲಿದ್ದ ಹೆಂಗಸರೆಲ್ಲ ಕತ್ತು ಚಾಚಿ ನೋಡಿದರು, ಸಾಕಷ್ಟು ಹೊತ್ತು ಅದ್ದಿದಳೋ ಇಲ್ಲವೋ ಅಂತ. ಆಕೆ ಅವರಿಗೆ ಸಾಕಾಗುವಷ್ಟು ಹೊತ್ತೇ ಅದ್ದಿದಳು. ಆಮೇಲೆ ಕೈ ಎತ್ತಿ, ನೀರು ಜಾಡಿಸಿ, ಮರೆಯೊಳಗೆ ಹೋದಳು.

"ಶಾಹೀಸ್ತಾ," ಒಳಗಿಂದ ಕರೆ ಬಂತು. "ನೀರು ಹಾಕು ಬಾ."

ಮಯ್ಯತ್ ಅಂದರೆ ಹೆದರಿ ಇಷ್ಟು ವರ್ಷ ಮರೆಯ ಹೊರಗೇ ನಿಂತವಳು ಶಾಹೀಸ್ತಾ. ಅವತ್ತು ತಂಬಿಗೆ ತೆಗೆದುಕೊಂಡು ಒಳಗೆ ಹೋದಳು. ಅತ್ತೆ ಗೆಳತಿಯ ತಲೆಯನ್ನು ತೋಳಿನ ಮೇಲೆ ಇಟ್ಟುಕೊಂಡು, ಹಣೆ, ಕೆನ್ನೆ, ಕಿವಿಯ ಹಿಂದೆ, ಬರಿಗೈಯಿಂದ ಮೆತ್ತಗೆ ತೊಳೆಯುತ್ತಿದ್ದಳು. ನೆರೆತ ಕೂದಲೊಳಗೆ ಬೆರಳು ಆಡಿಸುತ್ತ, "ತಣ್ಣಗೈತೇನು ಬೇ? ಇಷ್ಟ, ಇಷ್ಟ, ಆಗಿ ಹೋತು," ಅನ್ನುತ್ತಿದ್ದಳು, ಜೀವ ಇದ್ದವರಿಗೆ ಅಂದ ಹಾಗೆ. ಎಲ್ಲೂ ಬಿರುಕಿಲ್ಲದ ಕೈ. ಒಂದು ಗೀರೂ ಇಲ್ಲದೆ ಅರ್ಜುಮಂದಳ ಮುಖದ ಮೇಲೆ ಓಡಾಡಿದ ಕೈ. ಶಾಹೀಸ್ತಾ ಒಂದೊಂದು ಬೆರಳನ್ನೂ ಗುರುತು ಹಿಡಿದಳು. ತಂಬಿಗೆಯಿಂದ ಆ ಬೆರಳುಗಳ ಮೇಲೆ ಬಿಳಿ ನೀರನ್ನು ಸುರಿಯುತ್ತಿದ್ದವಳು ತಾನೇ.

ಆಕೆಗೆ ಅಳು ತಡೆಯಲಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು, ಆದರೆ ನೀರು ಹಾಕುವುದನ್ನು ನಿಲ್ಲಿಸಲಿಲ್ಲ. ಮರೆಯ ಆಚೆಯಿಂದ ಯಾರೋ ಮುದುಕಿ, "ಪಾಪ, ಅರ್ಜುಮಂದಂದ್ರ ಈ ಹುಡುಗಿಗೆ ಎಷ್ಟು ಜೀವ ನೋಡ್ರಿ," ಅಂದದ್ದು ಕೇಳಿಸಿತು.